ಹಿತ್ತಲಿಗೆ ಯಾವ ಲೈಲಾಕ್ ಹಾಕಲಿ? ಹಳೇ ಗಿಡ ಇಟ್ಟುಕೊಳ್ಳಲಾ, ತೆಗೆಸಲಾ?

ಹಾಸನದವ_ರೋಚೆಸ್ಟರ್:
ನಮಸ್ಕಾರ ಎಲ್ಲರಿಗೂ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಪಕ್ಕದಲ್ಲಿ ಮನೆ ತಗೊಂಡಿದ್ದೇವೆ. ಕಳೆದ ತಿಂಗಳು ಹೈಲ್ಯಾಂಡ್ ಪಾರ್ಕಿನ ಲೈಲಾಕ್ ಹೂವಿನ ಹಬ್ಬಕ್ಕೆ ಹೋಗಿ ಬಂದ ಮೇಲೆ ನನಗೂ ಮನೆಯವಳಿಗೂ ಒಂದೇ ಹಟ, ನಮ್ಮ ಹಿತ್ತಲಲ್ಲೂ ಇದು ಬೇಕು ಅಂತ. ಅಡುಗೆಮನೆ ಕಿಟಕಿಯ ಕೆಳಗೆ ಆರಡಿ ಅಗಲದ ಜಾಗ ಇದೆ, ಬೆಳಗಿನಿಂದ ಮಧ್ಯಾಹ್ನ ಎರಡು ಗಂಟೆವರೆಗೂ ಬಿಸಿಲು. ಹಿಂದೆ ಬೇಲಿ ಹತ್ತಿರ ಜಾಗ ಜಾಸ್ತಿ, ಆದರೆ ಅರ್ಧಕ್ಕೆ ಮೇಪಲ್ ಮರದ ನೆರಳು. ಬೇಲಿ ಮೂಲೆಯಲ್ಲಿ, ಬಿಸಿಲಿರುವ ಕಡೆ, ಹಿಂದಿನವರು ಹಾಕಿದ ಹಳೇ ಲೈಲಾಕ್ ಒಂದಿದೆ. ಹನ್ನೆರಡು ಅಡಿ ಎತ್ತರ, ಕೆಳಗೆಲ್ಲ ಬೋಳು, ಹೂವೆಲ್ಲ ತುದಿಯಲ್ಲಿ, ಮೂಗಿಗೆ ಎಟುಕುವುದೇ ಇಲ್ಲ. ಅದನ್ನು ತೆಗೆಸಿ ಹೊಸದು ಹಾಕಲಾ? ಮನೆಯವಳಿಗೆ ಬಿಳಿ ಬೇಕು, ನನಗೆ ಘಮ ಇದ್ದರೆ ಸಾಕು. ಮಣ್ಣು ಜೇಡಿ.

ಬಫಲೋ_ಹಿತ್ತಲು:
ದಯವಿಟ್ಟು ತೆಗೆಸಬೇಡಿ ಸರ್. ಲೈಲಾಕ್ ನೂರು ವರ್ಷ ದಾಟುವ ಗಿಡ. ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ ವೆಂಟ್‌ವರ್ತ್ ಮನೆಯ ಲೈಲಾಕ್‌ಗಳು 1750ರ ಸುಮಾರಿನವು ಅಂತಾರೆ, ಇವತ್ತಿಗೂ ಹೂ ಬಿಡುತ್ತಿವೆ. ನಿಮ್ಮದಕ್ಕೆ ವಯಸ್ಸಾಗಿದೆ ಅಷ್ಟೇ, ಬೇರು ಗಟ್ಟಿ ಇದ್ದೇ ಇರುತ್ತೆ.

ಹೀಗೆ ಮಾಡಿ. ಬುಡದಲ್ಲಿ ಎಷ್ಟು ಕಾಂಡ ಇವೆ ನೋಡಿ, ಅದರಲ್ಲಿ ತೀರಾ ದಪ್ಪ ಇರುವ ಮೂರನೇ ಒಂದು ಭಾಗವನ್ನು ಈಗಲೇ, ಹೂ ಮುಗಿದ ಈ ವಾರದಲ್ಲೇ, ನೆಲಮಟ್ಟಕ್ಕೆ ಗರಗಸ ಹಾಕಿ ತೆಗೆಯಿರಿ. ಮುಂದಿನ ವರ್ಷ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಉಳಿದದ್ದು. ಬುಡದಿಂದ ಮರಿ ಏಳುತ್ತವೆ, ಗಟ್ಟಿಯಾದ ನಾಲ್ಕೈದು ಬಿಟ್ಟು ಮಿಕ್ಕದ್ದು ಕಿತ್ತುಹಾಕಿ. ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಮರಿಯ ಎಲೆ ಹೃದಯದ ಆಕಾರದಲ್ಲಿ ಇರಬೇಕು. ಎಲೆ ಸಣ್ಣಗೆ, ಉದ್ದಕ್ಕೆ ಇದ್ದರೆ ಅದು ಕಸಿ ಕಟ್ಟಿದ ಗಿಡ, ಕೆಳಗೆ ಬೇರಿಗೆ ಬಳಸಿದ ಪ್ರಿವೆಟ್ ಅನ್ನುವ ಬೇರೆ ಗಿಡ ಚಿಗುರಿದೆ ಅಂತ ಅರ್ಥ, ಅದನ್ನು ಬಿಡಲೇಬೇಡಿ. ಹೊಸದು ಕೊಳ್ಳುವಾಗಲೂ ಸ್ವಂತ ಬೇರಿನ ಸಸಿಯನ್ನೇ ಕೇಳಿ.

ಒಣಗಿದ ಗೊಂಚಲು ಕತ್ತರಿಸುವಾಗ ಹತ್ತಿರದಿಂದ ನೋಡಿ. ಗೊಂಚಲಿನ ಬುಡದಲ್ಲೇ, ಎರಡೂ ಪಕ್ಕಕ್ಕೆ, ಎಳೆ ಹಸಿರಿನ ಎರಡು ಚಿಗುರು ಹೊರಟಿರುತ್ತವೆ. ಬೇಸಿಗೆಯಲ್ಲೇ ಅವುಗಳ ತುದಿಯಲ್ಲಿ ಮುಂದಿನ ಮೇ ತಿಂಗಳ ಮೊಗ್ಗು ಕಟ್ಟಿಕೊಳ್ಳುತ್ತೆ. ಎಲೆ ಉದುರಿದ ಮೇಲೆ ನೋಡಿದರೆ ಜೋಡಿ ಜೋಡಿಯಾಗಿ ಉಬ್ಬಿಕೊಂಡು ಕೂತಿರುತ್ತವೆ. ಅಕ್ಟೋಬರ್‌ನಲ್ಲಿ ಗಿಡ ಚಂದ ಕಾಣಲಿ ಅಂತ ಸುಮ್ನೆ ತುದಿ ಸವರಿದರೆ ಮುಂದಿನ ವರ್ಷದ ಹೂ ಪೂರ್ತಿ ಹೋಯಿತು. ತೋಟದ ಕೆಲಸಕ್ಕೆ ಬರುವವರಿಗೂ ಇದನ್ನು ಮೊದಲೇ ಹೇಳಿಡಿ.

ಕಿಟಕಿ ಕೆಳಗೆ ಸಾಮಾನ್ಯ ಲೈಲಾಕ್ ಬೇಡ, ಹದಿನೈದು ಅಡಿಯವರೆಗೂ ಹೋಗುತ್ತೆ. ಅಲ್ಲಿಗೆ ಪಾಲಿಬಿನ್ ಅನ್ನುವ ಗಿಡ್ಡ ಲೈಲಾಕ್ ತಳಿ ಹಾಕಿ, ನಾಲ್ಕೈದು ಅಡಿಗೆ ನಿಲ್ಲುತ್ತೆ. ಇಲ್ಲಾಂದ್ರೆ ಮಿಸ್ ಕಿಮ್, ಅದು ಸ್ವಲ್ಪ ಎತ್ತರ. ಎಲ್ವಿನ್ ಮೀಡರ್ ಅನ್ನುವವರು 1947ರಲ್ಲಿ ಕೊರಿಯಾದ ಬೆಟ್ಟದಿಂದ ತಂದ ಬೀಜದ ಗಿಡ ಇದು. ಶರತ್ಕಾಲದಲ್ಲಿ ಎಲೆ ಕೆಂಪಾಗುತ್ತೆ, ಬೂದಿ ರೋಗವೂ ಕಡಿಮೆ. ಎರಡೂ ಸಾಮಾನ್ಯ ಲೈಲಾಕ್ ಮುಗಿಯುವ ಹೊತ್ತಿಗೆ ಅರಳುತ್ತವೆ, ಹಾಗಾಗಿ ಘಮ ಇನ್ನಷ್ಟು ದಿನ ಸಿಗುತ್ತೆ.

ಮನೆಯವರ ಬಿಳಿಗೆ ಬೇಲಿ ಕಡೆ ಬಿಸಿಲಿರುವ ಜಾಗ ಕೊಡಿ. ಬ್ಯೂಟಿ ಆಫ್ ಮಾಸ್ಕೋ ಹುಡುಕಿ, ಮೊಗ್ಗು ನಸುಗುಲಾಬಿ, ಅರಳಿದರೆ ಬಿಳಿ, ಸುತ್ತು ಹೂ, ಘಮವೂ ಚೆನ್ನಾಗಿದೆ. ಅಪ್ಪಟ ಬಿಳಿಯೇ ಬೇಕಂದ್ರೆ ಮದಾಮ್ ಲೆಮ್ವಾನ್, 1890ರ ಫ್ರೆಂಚ್ ತಳಿ.

ಎಡಿಸನ್_ಅಕ್ಕ:
ಬಫಲೋದವರು ಹೇಳಿದ್ದು ಎಲ್ಲಾ ಸರಿ. ನೆರಳಿನ ಕಡೆ ಮಾತ್ರ ಯಾವ ತಳಿಯನ್ನೂ ಹಾಕಬೇಡಿ. ದಿನಕ್ಕೆ ಆರು ಗಂಟೆ ಬಿಸಿಲು ಇಲ್ಲದಿದ್ದರೆ ಬರೀ ಎಲೆ ಬೆಳೆಯುತ್ತೆ. ಹುಲ್ಲಿಗೆ ಹಾಕುವ ಗೊಬ್ಬರ ಕೂಡ ಲೈಲಾಕ್ ಬುಡಕ್ಕೆ ಹೋಗಬಾರದು, ಸಾರಜನಕ ಜಾಸ್ತಿ ಆದರೆ ಗಿಡ ಸೊಂಪಾಗಿರುತ್ತೆ, ಹೂ ಬರಲ್ಲ. ವಸಂತದಲ್ಲಿ ಒಂದು ಬುಟ್ಟಿ ಕಾಂಪೋಸ್ಟ್ ಸಾಕು. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಮಣ್ಣಾದರೆ ಸುಣ್ಣ ಹಾಕಬೇಕು. ಜೇಡಿಮಣ್ಣಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ, ಆದ್ದರಿಂದ ಸ್ವಲ್ಪ ದಿಬ್ಬ ಮಾಡಿ ನೆಡಿ. ಆಗಸ್ಟ್‌ನಲ್ಲಿ ಎಲೆ ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ, ಬೂದಿ ರೋಗದಿಂದ ಲೈಲಾಕ್ ಸಾಯಲ್ಲ. ಬಿದ್ದ ಎಲೆ ಗುಡಿಸಿ ತೆಗೆಯಿರಿ, ಕೊಂಬೆಗಳ ನಡುವೆ ಗಾಳಿ ಆಡಲಿ.

ಮಲ್ಲೇಶ್ವರಂ_ಟೆರೇಸ್:
ಬೆಂಗಳೂರಲ್ಲಿ ಕುಂಡದಲ್ಲಿ ಬರುತ್ತಾ? ಆನ್‌ಲೈನ್‌ನಲ್ಲಿ ಬೀಜ ಮಾರ್ತಾ ಇದ್ದಾರೆ.

ಬಫಲೋ_ಹಿತ್ತಲು:
ದುಡ್ಡು ಹಾಕಬೇಡಿ. ಚಳಿಗಾಲದಲ್ಲಿ ಕೆಲವು ವಾರ ಗಟ್ಟಿ ಚಳಿ ತಿನ್ನದೆ ಈ ಗಿಡ ಸರಿಯಾಗಿ ಹೂ ಬಿಡಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಚಳಿಗೆ ಅಂತ ಲ್ಯಾವೆಂಡರ್ ಲೇಡಿ ತಳಿ ಮಾಡಿದ್ದಾರೆ, ಅದಕ್ಕೂ ಬೆಂಗಳೂರಿನ ಚಳಿ ಸಾಲದು. ನಮ್ಮ ದೇಶದ್ದೇ ಒಂದು ಲೈಲಾಕ್ ಇದೆ, ಆದರೆ ಅದು ಹಿಮಾಚಲ, ಕಾಶ್ಮೀರದ ಬೆಟ್ಟಗಳದ್ದು. ನಿಮಗೆ ಮಲ್ಲಿಗೆ, ಪಾರಿಜಾತ ಇವೆ ಅಲ್ವಾ, ಎರಡೂ ಲೈಲಾಕ್ ಕುಟುಂಬದವೇ. ಆ ಕುಂಡಕ್ಕೆ ದುಂಡುಮಲ್ಲಿಗೆ ಹಾಕಿ, ನಾವಿಲ್ಲಿ ಅದಕ್ಕೆ ಆಸೆ ಪಡ್ತಾ ಇದ್ದೇವೆ.

ಹಾಸನದವ_ರೋಚೆಸ್ಟರ್:
ತುಂಬಾ ಥ್ಯಾಂಕ್ಸ್. ಹಳೇದರ ಮರಿ ನೋಡಿದೆ, ಎಲೆ ಹೃದಯದ ಆಕಾರವೇ. ಶನಿವಾರ ಗರಗಸ ಹಿಡಿಯುತ್ತೇನೆ. ಪಾಲಿಬಿನ್ ಗೋಡೆಯಿಂದ ಎಷ್ಟು ದೂರ? ಈಗ ಜೂನ್‌ನಲ್ಲೇ ನೆಡಬಹುದಾ?

ಎಡಿಸನ್_ಅಕ್ಕ:
ಗೋಡೆಯಿಂದ ಮೂರಡಿ ಬಿಡಿ. ಕುಂಡದ ಗಿಡ ಆದರೆ ಈಗಲೂ ನೆಡಬಹುದು, ಆದರೆ ಮೊದಲ ಬೇಸಿಗೆ ಪೂರ್ತಿ ವಾರಕ್ಕೊಮ್ಮೆ ಬೇರಿಗೆ ಇಳಿಯುವ ಹಾಗೆ ನೀರು ಕೊಡಬೇಕು. ಅದು ಆಗಲ್ಲ ಅಂದರೆ ಸೆಪ್ಟೆಂಬರ್‌ವರೆಗೂ ಕಾಯಿರಿ. ಬಿಳಿ ಗಿಡ ಮೊದಲ ಮೂರ್ನಾಲ್ಕು ವರ್ಷ ಹೂ ಬಿಡದೇ ಇರಬಹುದು, ಮನೆಯವರಿಗೆ ಈಗಲೇ ಹೇಳಿಬಿಡಿ.