ಸಹಾಯ ಬೇಕು: ವಿಚಾರಣೆ ಮುಗಿಯುವ ಮೊದಲೇ ಪ್ರಾಧ್ಯಾಪಕರ ರಾಜೀನಾಮೆ ಒಪ್ಪಬಹುದಾ?

ಧಾರವಾಡ, ಹುಬ್ಬಳ್ಳಿ ಕಡೆಯ ವಕೀಲರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ. ನನ್ನ ತಂಗಿ ಇಲ್ಲೇ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳ ಗೈಡ್ ಆಗಿರುವ ಪ್ರಾಧ್ಯಾಪಕರ ವಿರುದ್ಧ ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದಾಳೆ. ಆಂತರಿಕ ಸಮಿತಿಯ ವಿಚಾರಣೆ ನಡೆಯುತ್ತಿದೆ.

ಅಷ್ಟರಲ್ಲೇ ಮಾತುಕತೆ ಶುರುವಾಗಿದೆ. ಅವರು ಸುಮ್ನೆ ರಾಜೀನಾಮೆ ಕೊಟ್ಟು ಹೋಗುತ್ತಾರಂತೆ, ಇವಳು ದೂರು ವಾಪಸ್ ತಗೋಬೇಕಂತೆ. ದಾಖಲೆಯಲ್ಲಿ ಏನೂ ಇರುವುದಿಲ್ಲ. ನಾಳೆ ಬೇರೆ ಕಾಲೇಜಿಗೆ ಸೇರಿದರೆ ಅಲ್ಲಿನ ಹುಡುಗಿಯರ ಗತಿ ಏನು? ನನಗಂತೂ ಇದು ಒಪ್ಪಿಗೆಯಿಲ್ಲ.

ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಓದಿದೆ. ರಾಜಿ ಬೇಕೆಂದು ದೂರು ಕೊಟ್ಟವಳೇ ಕೇಳಬೇಕು, ಅದೂ ವಿಚಾರಣೆ ಶುರುವಾಗುವ ಮೊದಲು. ದುಡ್ಡು ಕೊಟ್ಟು ರಾಜಿ ಮಾಡುವಂತಿಲ್ಲ. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮದ ಪ್ರಕಾರ, ಆರೋಪಿ ಅವಳ ಕೆಲಸದ ಮೌಲ್ಯಮಾಪನ ಮಾಡದಂತೆಯೂ ತಡೆಯಬಹುದು.

ವರದಿ ಬರುವವರೆಗೆ ರಾಜೀನಾಮೆ ಒಪ್ಪಬೇಡಿ ಎಂದು ಕುಲಸಚಿವರಿಗೆ ಬರೆಯಬಹುದಾ? ಅವರು ಹೋದ ಮೇಲೂ ವಿಚಾರಣೆ ಮುಂದುವರಿಸಲು ಏನು ಮಾಡಬೇಕು? ಗೈಡ್ ಬದಲಾದರೆ ಇಷ್ಟು ದಿನದ ಕೆಲಸ ಹಾಳಾಗುತ್ತಾ? ಅವಳಿಗೆ ಇದೇ ಜಾಸ್ತಿ ಚಿಂತೆ.

ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಇಂಥ ವಿಷಯ ಒಯ್ದವರು ಇದ್ದರೆ ಅನುಭವ ತಿಳಿಸಿ.

ದಯವಿಟ್ಟು ಹೆಸರು ಕೇಳಬೇಡಿ. ಕಾನೂನಿನಲ್ಲೇ ಗುಟ್ಟು ಕಾಯಬೇಕೆಂದಿದೆ.