ಪದಚರ್ಚೆ: ಯಂತ್ರ ಕೊಂದಾಗ ‘ಹೊಣೆ’ಯೋ ‘ಉತ್ತರದಾಯಿತ್ವ’ವೋ?

ಎಲ್ಲರಿಗೂ ನಮಸ್ಕಾರ.

ತಾವೇ ಗುರಿಯನ್ನು ಆರಿಸಿಕೊಂಡು ದಾಳಿ ಮಾಡುವ ಸೇನಾ ರೋಬೋಟ್‌ಗಳ ಕುರಿತ ಕಿರುಹೊತ್ತಗೆಯೊಂದನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಕೆಲವು ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳ ಬಳಕೆಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳು 2019ರಲ್ಲಿ ಜಿನೀವಾದಲ್ಲಿ ಒಪ್ಪಿಕೊಂಡ 11 ಮಾರ್ಗದರ್ಶಿ ತತ್ವಗಳಲ್ಲಿ ಒಂದರ ಬಳಿ ಕೈ ನಿಂತಿದೆ. ಆಯುಧ ಬಳಸುವ ತೀರ್ಮಾನದ ‘ರೆಸ್ಪಾನ್ಸಿಬಿಲಿಟಿ’ ಮನುಷ್ಯರಲ್ಲೇ ಉಳಿಯಬೇಕು, ಏಕೆಂದರೆ ‘ಅಕೌಂಟಬಿಲಿಟಿ’ಯನ್ನು ಯಂತ್ರಕ್ಕೆ ವರ್ಗಾಯಿಸಲಾಗದು ಎಂಬುದು ಅದರ ತಿರುಳು. ಎರಡಕ್ಕೂ ‘ಹೊಣೆಗಾರಿಕೆ’ ಎಂದೇ ಬರೆದರೆ ವಾದ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಎರಡನೆಯದಕ್ಕೆ ‘ಉತ್ತರದಾಯಿತ್ವ’ ಆದೀತೇ?

ಕಲಿಯುವ ಯಂತ್ರಗಳ ವಿಷಯದಲ್ಲಿ ತತ್ವಶಾಸ್ತ್ರಜ್ಞ ಆಂಡ್ರಿಯಾಸ್ ಮಥಾಯಸ್ 2004ರಲ್ಲಿ ಬಳಸಿದ ‘ರೆಸ್ಪಾನ್ಸಿಬಿಲಿಟಿ ಗ್ಯಾಪ್’, ಅಂದರೆ ಯಂತ್ರ ಮಾಡಿದ್ದಕ್ಕೆ ಯಾರ ಮೇಲೂ ಹೊಣೆ ಹೊರಿಸಲಾಗದಿರುವುದು, ಎಂಬುದಕ್ಕೂ ಪದ ಬೇಕು. ‘ಹೊಣೆಗಾರಿಕೆಯ ಕಂದಕ’ ಎಂದು ಬರೆದು ಹೊಡೆದುಹಾಕಿದೆ. ಈ ಆಯುಧಗಳ ಬಗ್ಗೆ ಆ ಒಪ್ಪಂದದಡಿ ಚರ್ಚಿಸುವ ತಜ್ಞರ ಗುಂಪಿಗೆ 2017 ಮತ್ತು 2018ರಲ್ಲಿ ಅಧ್ಯಕ್ಷರಾಗಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಈ ಆಯುಧಗಳ ಕುರಿತ ನಿರ್ಣಯವನ್ನು ಮತಕ್ಕೆ ಹಾಕಿದಾಗ ಪರವಾಗಿ 152 ದೇಶಗಳಿದ್ದರೆ, ವಿರೋಧಿಸಿದ 4ರಲ್ಲಿ ಭಾರತವೂ ಒಂದು. ಪದ ಸಡಿಲವಾದರೆ ಓದುಗರು ನಮ್ಮ ದೇಶದ ನಿಲುವನ್ನೇ ತಪ್ಪಾಗಿ ತಿಳಿದಾರು ಎಂಬ ಅಳುಕು ನನ್ನದು.

*

‘ಉತ್ತರದಾಯಿತ್ವ’ವನ್ನು ದಯವಿಟ್ಟು ಸರ್ಕಾರಿ ಸುತ್ತೋಲೆಗಳಿಗೇ ಬಿಟ್ಟುಬಿಡಿ. ಹಳಗನ್ನಡದ ‘ಪೊಣೆ’ ಎಂದರೆ ಜಾಮೀನು, ಒಬ್ಬನ ಸಾಲಕ್ಕೆ ಇನ್ನೊಬ್ಬ ನಿಲ್ಲುವುದು. ಯಂತ್ರ ತೆರಲಾರದ್ದನ್ನು ಅದರ ಪರವಾಗಿ ತೆರುವವನೇ ಹೊಣೆಗಾರ. ಇಷ್ಟು ಅಚ್ಚುಕಟ್ಟಾದ ಅಚ್ಚಗನ್ನಡ ಪದವಿರುವಾಗ ಎರಡನೆಯದರ ಅಗತ್ಯವೇ ಇಲ್ಲ.

*

ಅಚ್ಚಗನ್ನಡವನ್ನು ವಿವರಿಸಲು ಅರಬ್ಬಿ ಮೂಲದ ‘ಜಾಮೀನು’ ಬೇಕಾಯಿತಲ್ಲ, ಸಂತೋಷ.

ಆದರೂ ಪೊಣೆಯ ಮಾತು ತಳ್ಳಿಹಾಕುವಂಥದ್ದಲ್ಲ. ಹೊಣೆ ನಿಲ್ಲುವವನು ಸಾಲ ಕೊಡುವ ಮೊದಲೇ ಒಪ್ಪಿ ರುಜು ಹಾಕುತ್ತಾನೆ. 2003ರ ಮಾರ್ಚ್ 23ರಂದು, ಇರಾಕ್ ಯುದ್ಧದ ವೇಳೆ ಕುವೈತ್‌ನ ನೆಲೆಗೆ ಮರಳುತ್ತಿದ್ದ ಬ್ರಿಟಿಷ್ ಟೊರ್ನಾಡೋ ವಿಮಾನವನ್ನು ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಹೊಡೆದುರುಳಿಸಿ ಅದರಲ್ಲಿದ್ದ ಇಬ್ಬರೂ ಸತ್ತರಲ್ಲ, ಆ ಸಾವಿಗೆ ರುಜು ಹಾಕಿದ್ದವರು ಯಾರು? ವ್ಯವಸ್ಥೆಯ ಗಣಕವು ವಿಮಾನವನ್ನು, ರೇಡಾರನ್ನು ಅರಸಿ ಬರುವ ಶತ್ರು ಕ್ಷಿಪಣಿ ಎಂದು ವಿಂಗಡಿಸಿತು. ಸ್ವಪಕ್ಷದ ವಿಮಾನವೆಂದು ತಿಳಿಸುವ ಸಂಕೇತ ಸಿಗಲಿಲ್ಲ. ತೆರೆಯ ಮುಂದೆ ಕುಳಿತಿದ್ದ ಸಿಬ್ಬಂದಿ ಕಂಡದ್ದನ್ನು ನಂಬಿ ಆತ್ಮರಕ್ಷಣೆಗೆಂದು ಕ್ಷಿಪಣಿ ಹಾರಿಸಿದರು. ಬ್ರಿಟನ್ನಿನ ವಿಚಾರಣಾ ಮಂಡಳಿ ವಿಂಗಡಣೆಯ ಮಾನದಂಡ, ದಾಳಿಯ ನಿಯಮ, ತರಬೇತಿ, ಗುರುತು ಸಾಧನದ ವೈಫಲ್ಯ ಎಂದು ಕಾರಣಗಳ ಪಟ್ಟಿಯನ್ನೇ ಕೊಟ್ಟಿತು. ಪಟ್ಟಿ ಬೆಳೆದಂತೆಲ್ಲ ಒಬ್ಬೊಬ್ಬರ ಪಾಲೂ ತೆಳುವಾಗುತ್ತ ಹೋಗುತ್ತದೆ. ಅಲ್ಲಿ ಕೊನೆಗೆ ಮನುಷ್ಯನ ಬೆರಳಾದರೂ ಇತ್ತು. ಅದೂ ಇಲ್ಲದ ಯಂತ್ರದ ಮಾತು ನಿಮ್ಮ ಹೊತ್ತಗೆಯದು.

ನಾಮಪದಕ್ಕಿಂತ ಮೊದಲು ಕ್ರಿಯಾಪದವನ್ನು ನೋಡಿ. ‘ಬಾಣದಿಂದ ಕೊಂದನು’ ಎಂದಾಗ ಬಾಣ ಕರಣ, ಪಾಪವೆಲ್ಲ ಬಿಟ್ಟವನದು. ‘ಆಳಿನ ಕೈಯಲ್ಲಿ ಕೊಲ್ಲಿಸಿದನು’ ಎಂದಾಗ ಆಳಿಗೂ ಪಾಲುಂಟು, ಏಕೆಂದರೆ ಅವನು ಒಲ್ಲೆ ಎನ್ನಬಹುದಿತ್ತು. ತಾನೇ ಗುರಿ ಆರಿಸುವ ಯಂತ್ರವು ಬಿಟ್ಟವನ ಗುರಿಗೇ ಹೋಗುವುದಿಲ್ಲವಾದ್ದರಿಂದ ಬಾಣವಲ್ಲ, ಒಲ್ಲೆ ಎನ್ನಲಾರದ್ದರಿಂದ ಆಳೂ ಅಲ್ಲ. ತತ್ವಶಾಸ್ತ್ರಜ್ಞ ರಾಬರ್ಟ್ ಸ್ಪ್ಯಾರೋ ಅವರು 2007ರಲ್ಲಿ ಮಂಡಿಸಿದ ವಾದವೂ ಇಲ್ಲಿಗೇ ಬರುತ್ತದೆ: ಪ್ರೋಗ್ರಾಂ ಬರೆದವನು, ಕಳಿಸಿದ ಅಧಿಕಾರಿ, ಯಂತ್ರ, ಈ ಮೂವರಲ್ಲಿ ಯಾರ ಮೇಲೂ ನ್ಯಾಯವಾಗಿ ತಪ್ಪು ಹೊರಿಸಲಾಗದಿದ್ದರೆ ಅಂಥ ಆಯುಧವನ್ನು ಯುದ್ಧಕ್ಕೆ ಇಳಿಸುವುದೇ ಅನೈತಿಕ. ಅವರು ಅಧಿಕಾರಿಯನ್ನು ಹೊಣೆಯಿಂದ ಬಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಯಾರನ್ನು ಕೊಂದೀತೆಂದು ಮುಂಗಾಣಲಾಗದ ಯಂತ್ರವನ್ನು ತಿಳಿದೂ ತಿಳಿದು ಕಳಿಸುವುದೇ ಕೊಲ್ಲಿಸುವುದು. ‘ಯಂತ್ರ ಕೊಂದಿತು’, ‘ಕೊಲೆಗಾರ ರೋಬೋಟ್’ ಎಂದು ಬರೆದ ಕೂಡಲೇ ಕೊಲ್ಲಿಸಿದವರು ವಾಕ್ಯದಿಂದ ಜಾರಿಕೊಳ್ಳುತ್ತಾರೆ.

ಹಾಗಾಗಿ ಕೃತ್ಯಕ್ಕೆ ಮೊದಲು ಹೊರುವುದಕ್ಕೆ ‘ಹೊಣೆ’ ಇರಲಿ, ಕೃತ್ಯದ ಬಳಿಕ ಲೆಕ್ಕ ಒಪ್ಪಿಸುವುದಕ್ಕೆ ‘ಉತ್ತರದಾಯಿತ್ವ’ ಇರಲಿ. ‘ಗ್ಯಾಪ್’ಗೆ ‘ವಾರಸುದಾರರಿಲ್ಲದ ಸಾವು’ ಸಾಲದೇ?

*

ಸಾಲದು. ‘ವಾರಸು’ ಕೂಡ ಎರವಲು ಸರಕು. ‘ಹೊಣೆಗೇಡು’ ಎಂದರೆ ಮುಗಿಯಿತು. ಸಂಸ್ಕೃತಕ್ಕೆ ಒಂದು, ಅರಬ್ಬಿಗೆ ಒಂದು ಎಂದು ಹಂಚುತ್ತ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

‘ಹೊಣೆಗೇಡಿ’ ಎಂದರೆ ಕರ್ತವ್ಯ ಬಿಟ್ಟವನು. ಇಲ್ಲಿನ ತೊಡಕೇ ಬೇರೆ: ಎಲ್ಲರೂ ತಮ್ಮ ತಮ್ಮ ಕರ್ತವ್ಯ ಮಾಡಿದ್ದರೂ ಸತ್ತವರ ಮನೆಯವರಿಗೆ ಎದುರು ನಿಂತು ಮಾತಾಡಬೇಕಾದವರು ಯಾರೂ ಸಿಗುವುದಿಲ್ಲ. ಪದದ ಕುಲಕ್ಕಿಂತ ಅದು ಮಾಡುವ ಕೆಲಸವನ್ನು ನೋಡುವುದು ಒಳ್ಳೆಯದು.

*

ಇಬ್ಬರಿಗೂ ಕೃತಜ್ಞತೆಗಳು. ‘ಆಯುಧ ಬಳಸುವ ತೀರ್ಮಾನದ ಹೊಣೆಯನ್ನು ಮನುಷ್ಯರೇ ಹೊತ್ತಿರಬೇಕು, ಉತ್ತರದಾಯಿತ್ವವನ್ನು ಯಂತ್ರಕ್ಕೆ ದಾಟಿಸಲು ಬರುವುದಿಲ್ಲ’ ಎಂದು ತಿದ್ದಿದ್ದೇನೆ. ‘ಗ್ಯಾಪ್’ಗೆ ‘ಹೊಣೆ ಹೊರುವವರಿಲ್ಲದ ಸ್ಥಿತಿ’ ಎಂದಿಟ್ಟಿದ್ದೇನೆ. ವಾರಸು ಎಂದರೆ ಆಸ್ತಿಯ ನೆನಪಾಗುತ್ತದೆ. ‘ಕೊಲ್ಲಿಸು’ ಎಂಬುದನ್ನು ಮಾತ್ರ ಇಡೀ ಹೊತ್ತಗೆಗೆ ಅನ್ವಯಿಸಲಾರೆ, ಮೂಲದಲ್ಲಿ ಕರ್ತೃವೇ ಇಲ್ಲದ ಕರ್ಮಣಿ ವಾಕ್ಯಗಳು ತುಂಬಿಹೋಗಿವೆ. ಆಕ್ಷೇಪವಿದ್ದವರು ಭಾನುವಾರ ರಾತ್ರಿಯೊಳಗೆ ಬರೆಯಿರಿ.