ಕಲಾಮೇಳದಲ್ಲಿ ಲಿನೋ ಮುದ್ರಣದ ಮೇಜು: ಪ್ರೆಸ್ ಇಲ್ಲದೆ 4 ಗಂಟೆಯಲ್ಲಿ 150 ಜನ ಆಗುತ್ತಾ?

ಹೊಸಬ್ಲಾಕ್
ಸಾರ್ವಜನಿಕ ಕಲಾಮೇಳದಲ್ಲಿ ಮುದ್ರಣದ ಮೇಜು ಹಾಕಬೇಕಿದೆ. ಬಂದವರು ತಾವೇ ಒಂದು ಪ್ರಿಂಟ್ ತೆಗೆದು ಮನೆಗೆ ಒಯ್ಯಬೇಕು. ಬಯಲು ಜಾಗ, ಮೇಲೆ ಶಾಮಿಯಾನ. ಸಮಯ 4 ಗಂಟೆ, ಸುಮಾರು 150 ಜನ, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಪ್ರೆಸ್ (ಒತ್ತುವ ಯಂತ್ರ) ಇಲ್ಲ, ಕಾಗದದ ಹಿಂಬದಿಯನ್ನು ಚಮಚದಲ್ಲಿ ಉಜ್ಜಿಯೇ ತೆಗೆಯಬೇಕು. ಎ5 ಅಳತೆಯ ಲಿನೋ (ಚಿತ್ರ ಕೆತ್ತಿ, ಶಾಯಿ ಹಚ್ಚಿ ಅಚ್ಚೊತ್ತುವ ಲಿನೋಲಿಯಂ ಹಾಳೆ, ಕೆತ್ತಿದ್ದೇ ಬ್ಲಾಕ್), ನೀರಿನ ಶಾಯಿ, 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕ) ಡ್ರಾಯಿಂಗ್ ಕಾಗದ. ಪ್ರೂಫ್ (ಪರೀಕ್ಷೆಯ ಪ್ರಿಂಟ್) ತೆಗೆದಾಗ ಕಪ್ಪು ಗಟ್ಟಿಯಾಗಿ ಕೂರದೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಎರಡು ಸಲ ಕಾಗದ ಬ್ಲಾಕಿಗೇ ಅಂಟಿಕೊಂಡು ಹರಿಯಿತು. ಎಷ್ಟು ಬ್ಲಾಕ್ ಬೇಕು? ತಪ್ಪುತ್ತಿರುವುದು ಎಲ್ಲಿ? ಜನರ ಕೈಯಲ್ಲೇ ಕೆತ್ತಿಸಿದರೆ ಹೇಗೆ?

ಉಳಿಮೊನೆ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಎ5 ಬ್ಲಾಕ್ ಕೆತ್ತಲು ಹೊಸಬರಿಗೆ ಒಂದು ಗಂಟೆಯೂ ಸಾಲದು. ಉಳಿ ಜಾರಿದರೆ ನೇರ ಬ್ಲಾಕ್ ಹಿಡಿದ ಕೈಗೆ. ಆ ಗದ್ದಲದಲ್ಲಿ ಯಾರು ಯಾರನ್ನು ಕಾಯೋದು?

ಕಾಗದ ಇಟ್ಟು, ಉಜ್ಜಿ, ಎತ್ತಲು ಒಬ್ಬರಿಗೆ 4 ನಿಮಿಷ ಹಿಡಿಯಿರಿ. ಒಂದು ಜಾಗದಲ್ಲಿ ಗಂಟೆಗೆ 15. ಮೂರು ಜಾಗ ಮಾಡಿದರೆ 4 ಗಂಟೆಗೆ 180, ನಿಮ್ಮ 150ಕ್ಕೆ ಸ್ವಲ್ಪ ಉಸಿರಾಡಲು ಜಾಗವೂ ಉಳಿಯುತ್ತೆ. ಶಾಯಿ ಹಚ್ಚುವುದನ್ನು ಈ 4 ನಿಮಿಷಕ್ಕೆ ಸೇರಿಸಬೇಡಿ. ಪ್ರತಿ ಜಾಗಕ್ಕೂ ಎರಡು ಬ್ಲಾಕ್, ಒಟ್ಟು ಆರು ಇರಲಿ. ಒಂದನ್ನು ಉಜ್ಜುವಷ್ಟರಲ್ಲಿ ಇನ್ನೊಂದು ಶಾಯಿ ಹಚ್ಚಿಸಿಕೊಂಡು ತಯಾರಿರಬೇಕು. ಮೂರೂ ಜಾಗ ಸೇರಿ ಶಾಯಿ ಹಚ್ಚಲು 80 ಸೆಕೆಂಡಿಗೊಂದು ಬ್ಲಾಕ್ ಬೀಳುತ್ತೆ, ಒಬ್ಬರಿಂದ ಆಗದ ಮಾತು. ಶಾಯಿಗೆ ಇಬ್ಬರನ್ನು ಕೂರಿಸಿ. ರೋಲರ್ ಹಿಡಿಯುವ ಆಸೆ ಎಲ್ಲರಿಗೂ ಇರುತ್ತೆ, ಕೊನೆಯ ಎರಡು ಸುತ್ತು ಬಂದವರ ಕೈಗೇ ಕೊಡಿ.

ಕಾಗದ ಸೊಟ್ಟ ಬೀಳದಿರಲು ಒಂದು ಅಡಿಹಲಗೆ ಮಾಡಿಕೊಳ್ಳಿ. ದಪ್ಪ ರಟ್ಟಿನ ಮೇಲೆ ಬ್ಲಾಕಿನ ಮೂಲೆ ಕೂರುವಂತೆ ಎರಡು ಪಟ್ಟಿಗಳನ್ನು ಲಂಬಕೋನದಲ್ಲಿ ಅಂಟಿಸಿ. ಅಂಚು ಎಷ್ಟು ಬಿಡಬೇಕೋ ಅಷ್ಟು ಹೊರಗೆ, ಅದಕ್ಕಿಂತ ಎತ್ತರದ ಇನ್ನೊಂದು ಜೋಡಿ ಪಟ್ಟಿ ಕಾಗದದ ಮೂಲೆಗೆ. ಒಳಗಿನ ಪಟ್ಟಿ ಲಿನೋದಷ್ಟೇ ದಪ್ಪ, ಅಂದರೆ 3 ಮಿ.ಮೀ. ಆಸುಪಾಸು ಇದ್ದರೆ ಕಾಗದದ ಅಂಚು ಮಡಚಿಕೊಳ್ಳಲ್ಲ. ಮೊದಲು ಕಾಗದದ ಮೂಲೆಯನ್ನು ಪಟ್ಟಿಗೆ ತಾಗಿಸಿ, ಆಮೇಲೆ ಉಳಿದದ್ದನ್ನು ಮೆಲ್ಲಗೆ ಇಳಿಬಿಡಿಸಿ. ಇದಿಲ್ಲದಿದ್ದರೆ ಮಕ್ಕಳು ಕಾಗದ ಇಟ್ಟು ಎಳೆದಾಡುತ್ತಾರೆ, ಚಿತ್ರ ಎರಡೆರಡು ಮೂಡುತ್ತೆ.

ಶಾಯಿಡಬ್ಬಿ
ಬಿಳಿ ಚುಕ್ಕೆಗೆ ಮುಖ್ಯ ಕಾರಣ ಕಾಗದ. 200 ಜಿಎಸ್‌ಎಂ ಪ್ರೆಸ್ಸಿಗೆ ಸರಿ, ಚಮಚದ ಒತ್ತಡಕ್ಕೆ ಅದು ಬಗ್ಗಲ್ಲ. 70ರಿಂದ 90 ಜಿಎಸ್‌ಎಂ ನುಣುಪು ಕಾಗದಕ್ಕೆ ಬನ್ನಿ. ಉಜ್ಜುವಾಗ ಮೇಲೊಂದು ಬಟರ್ ಪೇಪರ್ ಇದ್ದರೆ ಚಮಚ ಜಾರುತ್ತೆ, ಕಾಗದ ಸವೆಯಲ್ಲ. ನಡುವಿನಿಂದ ಹೊರಕ್ಕೆ, ಪುಟ್ಟ ಪುಟ್ಟ ಸುತ್ತು. ಒಂದು ಕೈ ಕಾಗದ ಬಿಡಲೇಬಾರದು. ಮೂಲೆಯೊಂದನ್ನು ಮಾತ್ರ ಎತ್ತಿ ನೋಡಿ, ಸಾಲದಿದ್ದರೆ ಹಾಗೇ ಇಳಿಸಿ ಮತ್ತೆ ಉಜ್ಜಬಹುದು.

ಹೊಸ ಲಿನೋದ ಮೇಲ್ಮೈ ಜಿಡ್ಡಾಗಿದ್ದರೂ ಶಾಯಿ ಹನಿಹನಿಯಾಗಿ ನಿಲ್ಲುತ್ತೆ. ಕೆತ್ತುವ ಮೊದಲೇ 400 ನಂಬರ್ ಉಜ್ಜುಕಾಗದ ಹಗುರಾಗಿ ಆಡಿಸಿ, ಸ್ಪಿರಿಟ್‌ನಲ್ಲಿ ಒರೆಸಿ.

ಶಾಯಿ ಸರಿಯಿದೆಯೋ ಇಲ್ಲವೋ ಕಿವಿಗೇ ಗೊತ್ತಾಗುತ್ತೆ. ಗಾಜಿನ ಮೇಲೆ ರೋಲರ್ ಓಡಿಸಿದಾಗ ಸಣ್ಣಗೆ ‘ಸರ್ರ್’ ಅನ್ನಬೇಕು. ‘ಪಚ ಪಚ’ ಅಂದರೆ ಹೆಚ್ಚಾಗಿದೆ, ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಅಂಟಿ ಹರಿಯುವುದು ಬೇರೆ ರೋಗ. ನೀರಿನ ಶಾಯಿ ಗಾಳಿಗೆ ನಿಮಿಷಗಳಲ್ಲೇ ಒಣಗಿ ಗೋಂದಾಗುತ್ತೆ. ಬಿಸಿಲು, ಫ್ಯಾನು ಎರಡೂ ದೂರವಿರಲಿ. ಒಂದು ಸಲಕ್ಕೆ ಕಡಲೆಕಾಳಿನಷ್ಟು ಮಾತ್ರ ಶಾಯಿ ತೆಗೆಯಿರಿ, ಗಾಜಿನ ಮೇಲೆ ಆಗಾಗ ತುಂತುರು ನೀರು, ಜೊತೆಗೆ ಶಾಯಿ ತಯಾರಕರೇ ಮಾರುವ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್. ರೋಲರ್ ಅಂಚಿನಲ್ಲಿ ಒಣಸಿಪ್ಪೆ ಕಟ್ಟಿದರೆ ಆಗಲೇ ತೊಳೆಯಿರಿ. ಬ್ಲಾಕನ್ನು ನೀರಲ್ಲಿ ಮುಳುಗಿಸಬೇಡಿ, ಹಿಂಬದಿಯ ಸೆಣಬು ನೀರು ಕುಡಿದು ಲಿನೋ ಡೊಂಕಾಗುತ್ತೆ. ಒದ್ದೆ ಬಟ್ಟೆ ಸಾಕು.

ಕಪ್ಪುಕೈ
ಉಜ್ಜುವ ವಿಷಯದಲ್ಲಿ ಶಾಯಿಡಬ್ಬಿ ಅವರ ಮಾತು ಸರಿ, ಶಾಯಿಯಲ್ಲಿ ಒಪ್ಪಲ್ಲ. ಬಯಲಲ್ಲಿ 4 ಗಂಟೆ ನೀರಿನ ಶಾಯಿಯ ಜೊತೆ ಗುದ್ದಾಡುವ ಬದಲು, ಸೋಪಿನಲ್ಲಿ ತೊಳೆಯಲು ಬರುವ ಎಣ್ಣೆಶಾಯಿ ಹಾಕಿ. ಗಾಜಿನ ಮೇಲೆ ಇಡೀ ಮಧ್ಯಾಹ್ನ ಹಸಿಯಾಗೇ ಇರುತ್ತೆ, ಕಪ್ಪೂ ತುಂಬಿ ಬರುತ್ತೆ. ಕಷ್ಟ ಇರುವುದು ಒಣಗಿಸುವುದರಲ್ಲಿ, ಕೆಲವು ದಿನವೇ ಹಿಡಿಯಬಹುದು. ಎ5 ಬ್ಲಾಕಿನ ಅಗಲವೇ 14.8 ಸೆಂ.ಮೀ., ಅಂಚೂ ಸೇರಿದರೆ 150 ಹಾಳೆಗೆ 22 ಮೀಟರ್‌ಗೂ ಹೆಚ್ಚು ಹಗ್ಗ. ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಕ್ಲಿಪ್ಪಿಗೆ ಎರಡು ಹಾಕಿದರೆ ಅದರ ಅರ್ಧದಲ್ಲಿ ಮುಗಿಯುತ್ತೆ. ಹಿಂಬದಿಗೆ ಪೆನ್ಸಿಲ್‌ನಲ್ಲಿ ಹೆಸರು ಬರೆಸಿ, ಆಮೇಲೆ ಬಂದು ಒಯ್ಯಲಿ.

ಎಣ್ಣೆಶಾಯಿ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಶಾಯಿಯಲ್ಲಿರುವ ಅಗಸೆ ಎಣ್ಣೆ ಗಾಳಿ ತಾಗಿ ಒಣಗುವಾಗ ಬಿಸಿ ಹೊಮ್ಮುತ್ತೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರು ಹಾಕಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ.

ಹೊಸಬ್ಲಾಕ್
ಎಲ್ಲರಿಗೂ ಧನ್ಯವಾದ. ಒಯ್ಯಲು ಬರುವವರು ಮಕ್ಕಳು, ಹಗ್ಗದ ಮೇಲೆ ಬಿಟ್ಟು ಹೋಗಲಾರರು. ಹಾಗಾಗಿ ನೀರಿನ ಶಾಯಿಯನ್ನೇ ಸರಿಪಡಿಸಿಕೊಳ್ಳುತ್ತೇನೆ. ಆದರೂ ಚಿತ್ರ ತಮ್ಮದೇ ಆಗಿರಲಿ ಅನ್ನುವ ಮಕ್ಕಳಿಗೆ ಏನಾದರೂ ದಾರಿ ಇದೆಯಾ? ಪ್ರಿಂಟಿನ ಮೇಲೆ 1/150 ಅಂತ ನಂಬರ್ ಹಾಕಬೇಕಾ?

ಉಳಿಮೊನೆ
ಮಕ್ಕಳಿಗೆ ತೆಳು ಫೋಮ್ ಹಾಳೆ, 10×10 ಸೆಂ.ಮೀ. ತುಂಡು. ಮೊನೆ ಮೊಂಡಾದ ಬಾಲ್‌ಪೆನ್ನಿನಲ್ಲಿ ಒತ್ತಿ ಗೀಚಿದರೆ ಸಾಕು, ಒತ್ತಿದ ಗೆರೆ ಬಿಳಿಯಾಗಿ ಉಳಿಯುತ್ತೆ. ಚೂಪು ಪೆನ್ಸಿಲ್ ಕೊಟ್ಟರೆ ಫೋಮ್ ಕಿತ್ತುಬರುತ್ತೆ. ಹೆಸರು ಬರೆಯುವವರಿಗೆ ಮೊದಲೇ ಹೇಳಿ, ಅಕ್ಷರ ಉಲ್ಟಾ ಬರುತ್ತೆ. ತೆಳು ಕಾಗದದಲ್ಲಿ ಬರೆದು, ಮಗುಚಿ ಹಾಕಿ, ಹಿಂದಿನಿಂದ ಕಾಣುವ ಗೆರೆಯ ಮೇಲೇ ಒತ್ತಲಿ. ಅಕ್ಷರ ದೊಡ್ಡದಿರಲಿ, ಇಲ್ಲದಿದ್ದರೆ ಸೊನ್ನೆ, ಒತ್ತಕ್ಷರಗಳು ಶಾಯಿ ತುಂಬಿ ಬರೀ ಚುಕ್ಕೆ. ಎಲ್ಲರಿಂದಲೂ ಇನ್ನೊಂದೊಂದು ಪ್ರಿಂಟ್ ಪಡೆದು 15×10 ಸಾಲಾಗಿ ಅಂಟಿಸಿದರೆ ಒಂದೂವರೆ ಮೀಟರ್ ಅಗಲದ ಚಿತ್ರ ಆಗುತ್ತೆ, ಮೇಳದವರು ಗೋಡೆಗೆ ಹಾಕಿಕೊಳ್ಳಬಹುದು.

ನಂಬರ್ ಬೇಡ. 7/25 ಅಂದರೆ ಒಂದೇ ತೆರನಾದ 25 ಇವೆ, ಇನ್ನು ತೆಗೆಯಲ್ಲ ಅನ್ನುವ ಮಾತು. 150 ಕೈ ತೆಗೆದ 150 ಪ್ರಿಂಟ್ ಒಂದೇ ತೆರನಾಗಿರಲ್ಲ. ತೆಗೆದವರೇ ಬಲಗಡೆ ಪೆನ್ಸಿಲ್‌ನಲ್ಲಿ ಸಹಿ ಹಾಕಲಿ. ಒಂದೇ ಎಚ್ಚರ: ನೀವು ಈಗಾಗಲೇ ನಂಬರ್ ಹಾಕಿ ಮಾರಿರುವ ಎಡಿಷನ್ನಿನ ಬ್ಲಾಕನ್ನು ಈ ಮೇಜಿಗೆ ತರಬೇಡಿ. ಮೇಳಕ್ಕೆಂದೇ ಬೇರೆ ಕೆತ್ತಿ, ಗೆರೆ ಸ್ವಲ್ಪ ದಪ್ಪಗಿರಲಿ.